ಮಂಚದ ಕಾಲಿನ ಗಂಟು

ಹೈದರಾಬಾದ್, ಗಚ್ಚಿಬೌಲಿ
೧೨ ಜನವರಿ ೨೦೨೫

ಶಿವಗಂಗಾ,

ಹದಿನಾರು ಕಾರುಗಳ ನಡುವೆ ಕೂತು ನಿನ್ನ ಅವ್ವ ಸಾಬಮ್ಮ ಬರೆಯುವುದೇನೆಂದರೆ, ಇಲ್ಲಿ ಮೂವರೂ ಉಸಿರಾಡುತ್ತಿದ್ದೇವೆ. ನಿಮ್ಮಪ್ಪ ಗೇಟಿನ ಮುಂದೆ ವಾಚ್‌ಮನ್ ಕುರ್ಚಿಯ ಮೇಲೆ, ನಾನು ಮೆಟ್ಟಿಲ ಮೇಲೆ, ನಿನ್ನ ಮಗಳು ಕಬ್ಬಿಣದ ಮಂಚದ ಕೆಳಗೆ. ಅವರವರ ಜಾಗದಲ್ಲಿ ಅವರವರು.

ಫೋನು ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ನಿನ್ನ ಮನೆಯಲ್ಲಿ ಇರುವುದು ಒಂದೇ ಫೋನು, ಅದರಲ್ಲಿ ನಿನ್ನ ಅತ್ತೆಯ ಮುಂದೆಯೇ ಮಾತಾಡಬೇಕು. ಕಾವ್ಯಾ ಹೇಗಿದ್ದಾಳೆ ಎಂದು ನೀನು ಕೇಳುವುದು, "ಶ್ಯಾಣಿ ಆಗ್ಯಾಳ, ದಿನಾ ಸಾಲಿಗೆ ಹೋಗ್ತಾಳ" ಎಂದು ನಾನು ಕೂಗುವುದು, ಹಿಂದಿನಿಂದ ಅವರು "ಇಂಗ್ಲಿಷ್ ಮಾತಾಡ್ತಾಳೇನು ಕೇಳು" ಎನ್ನುವುದು. ಎರಡು ವರ್ಷ ಈ ಆಟ ಆಡಿ ನನಗೆ ಸಾಕಾಗಿದೆ. ಕಾಗದವನ್ನು ನಿಮ್ಮೂರ ಅಂಗನವಾಡಿ ಟೀಚರ್ ಮನೆಗೆ ಹಾಕುತ್ತೇನೆ. ಅಲ್ಲೇ ಓದಿ ಅಲ್ಲೇ ಹರಿದುಬಿಡು. ನಾನು ಕಲಿತದ್ದು ಮೂರನೆಯ ಇಯತ್ತೆ, ನಿಜ. ಆದರೆ ಕಟ್ಟಡದ ಕೆಲಸಕ್ಕೆ ಬಂದ ಕಾಲದಲ್ಲಿ ಇಡೀ ಶೆಡ್ಡಿನವರ ಕಾಗದ ಬರೆದವಳು ನಾನೇ ಎಂಬುದು ನಿನಗೆ ಗೊತ್ತಿದೆ.

ಕಾವ್ಯಾಳ ಅಪ್ಪ ಜ್ವರದಲ್ಲಿ ಹೋದ ಮೇಲೆ ನಿನಗೆ ಉಡಕಿ ಮಾಡಿ ಎರಡನೆಯ ಮನೆಗೆ ಕಳಿಸಿದೆವು. ಮೊದಲ ಗಂಡನ ಮಗು ತವರಲ್ಲೇ ಇರಲಿ ಎಂದು ಹಿರಿಯರು ಹೇಳಿದರು, ನಾನು ಹೂಂ ಎಂದೆ. ಆ ಮಗುವಿಗೆ ಮಾತಿಲ್ಲ ಎಂದು ನಿನ್ನ ಅತ್ತೆಗೆ ಹೇಳದೆ, ಹೈದರಾಬಾದಿನ ಇಂಗ್ಲಿಷ್ ಸಾಲಿಯಲ್ಲಿ ಓದುತ್ತಾಳೆ ಎಂದು ಹೇಳಿದವಳೂ ನಾನೇ. ಈಗ ಆ ಸುಳ್ಳು ಅರ್ಧ ನಿಜವಾಗುವ ಹಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾಲ್ಕನೆಯ ಮಹಡಿಯ ಅಮ್ಮನವರು ಒಂದು ಕೇಂದ್ರದ ವಿಳಾಸ ಕೊಟ್ಟರು. ಮಾತು ಬಾರದ, ಕಣ್ಣಿಗೆ ಕಣ್ಣು ಕೂಡಿಸದ, ಕೂತಲ್ಲಿ ಕೂರದ ಸಣ್ಣ ಮಕ್ಕಳಿಗೆ ಅಲ್ಲಿ ಕಲಿಸುತ್ತಾರೆ. ನಿನ್ನ ಮಗಳದ್ದಕ್ಕೆ ಆಟಿಸಂ ಎಂದು ಹೆಸರಂತೆ. ನಮ್ಮಂಥವರ ಮಕ್ಕಳಿಗೆ ಫೀಸಿಲ್ಲ. ಆದರೆ ಮಗುವಿನ ಜೊತೆ ಹೆಚ್ಚು ಹೊತ್ತು ಇರುವವರು ಯಾರೋ ಅವರು ಆರು ತಿಂಗಳ ಟ್ರೈನಿಂಗ್‌ಗೆ ಕೂರಬೇಕು. ಪಾಸಾದರೆ ಮಗುವಿನ ಜಾಗ ಗಟ್ಟಿ, ನನಗೂ ಅಲ್ಲೇ ಸಹಾಯಕಿಯ ಕೆಲಸ. ಆಗದಿದ್ದರೆ ಇಬ್ಬರೂ ಹೊರಗೆ. ಹಾಗಾಗಿ ಅರವತ್ತೊಂದನೆಯ ವಯಸ್ಸಿನಲ್ಲಿ ನಿನ್ನ ಅವ್ವ ಸಾಲಿಗೆ ಹೋಗುತ್ತಿದ್ದಾಳೆ. ನನ್ನ ಜೊತೆ ಒಂಬತ್ತು ಹುಡುಗಿಯರು, ಎಲ್ಲ ಡಿಗ್ರಿ ಮುಗಿಸಿದವರು. ನನ್ನನ್ನು ಅಮ್ಮಮ್ಮ ಎನ್ನುತ್ತಾರೆ. ಪಾಠ ತೆಲುಗಿನಲ್ಲಿ, ಮಧ್ಯೆ ಇಂಗ್ಲಿಷ್. ಕಲಿಸುವ ಶಾಮಲಾ ಮೇಡಂ ಮಾತ್ರ ನಮ್ಮ ಕಡೆಯವರು. ಅವರ ಅಜ್ಜ ನಿಜಾಮನ ಕಾಲದಲ್ಲಿ ಕಚೇರಿಯ ನೌಕರಿಗೆ ಬಂದವರಂತೆ. ಅವರ ಅಜ್ಜ ಕುರ್ಚಿಗೆ ಬಂದ, ನಾವು ಇಟ್ಟಂಗಿ ಹೊರಲು ಬಂದೆವು. ಆದರೂ ಅವರ ಬಾಯಲ್ಲಿ ಕನ್ನಡ ಕೇಳಿದರೆ ಜೀವ ತಂಪಾಗುತ್ತದೆ.

ಉಳಿದ ಹೊತ್ತು ಹೇಗೆ ಎಂದು ನಿನಗೆ ಚಿಂತೆ ಇರಬಹುದು. ಮುಂಜಾನೆ ಆರರಿಂದ ಒಂಬತ್ತರ ತನಕ ನಾನು ಐದು ಮಹಡಿಯ ಮೆಟ್ಟಿಲು ಒರೆಸಬೇಕು. ಕಾರುಗಳು ಹೊರಡುವುದೂ ಆಗಲೇ. ನಮ್ಮ ಕೋಣೆ ಇರುವುದು ಕೆಳಗೆ ಕಾರು ನಿಲ್ಲಿಸುವ ಸೆಲ್ಲಾರಿನಲ್ಲಿ, ಕಿಟಕಿಯಿಲ್ಲ. ಬಾಗಿಲು ಮುಚ್ಚಿದರೆ ಅವಳು ತಲೆಯನ್ನು ಗೋಡೆಗೆ ಹೊಡೆದುಕೊಳ್ಳುತ್ತಾಳೆ, ತೆರೆದಿಟ್ಟರೆ ಕಾರಿನ ದೀಪ ಕಂಡಲ್ಲಿಗೆ ಓಡುತ್ತಾಳೆ. ಅದಕ್ಕೆ ನೀನು ಬಿಟ್ಟುಹೋದ ಹಸಿರು ಸೀರೆಯಲ್ಲಿ ಒಂದು ಪಟ್ಟಿ ಹರಿದು ಒಂದು ತುದಿ ಅವಳ ಕಾಲಿಗೆ, ಒಂದು ತುದಿ ಮಂಚದ ಕಾಲಿಗೆ ಕಟ್ಟಿ ಹೋಗುತ್ತೇನೆ. ಬಾಗಿಲ ತನಕ ಬರುತ್ತದೆ, ಹೊಸ್ತಿಲು ದಾಟುವುದಿಲ್ಲ. ನಿನ್ನನ್ನೂ ಹೀಗೇ ಬೆಳೆಸಿದ್ದು.

ಉತ್ತರ ಬರೆ. ಅಳುತ್ತ ಬರೆದರೆ ಅಕ್ಷರ ಒದ್ದೆಯಾಗುತ್ತದೆ, ನನಗೆ ಮೊದಲೇ ಕಣ್ಣು ಮಂದ.

ನಿನ್ನ ಅವ್ವ,
ಸಾಬಮ್ಮ


ಸುರಪುರ ತಾಲೂಕು
೯ ಫೆಬ್ರವರಿ ೨೦೨೫

ಅವ್ವಾ,

ಕಾಗದ ಸಿಕ್ಕಿತು. ಟೀಚರ್ ಮನೆಯ ಹಿತ್ತಲಲ್ಲಿ ನಿಂತು ಎರಡು ಸಲ ಓದಿ ಒಲೆಗೆ ಹಾಕಿದೆ. ನೀರಿಗೆ ಹೋಗುತ್ತೇನೆಂದು ಹೇಳಿ ಬಂದಿದ್ದೆ. ಇಷ್ಟು ಹೊತ್ತು ಎಲ್ಲಿದ್ದೆ ಎಂದು ಅತ್ತೆ ಕೇಳಿದರು, ನಳಕ್ಕೆ ಸರತಿ ಇತ್ತು ಎಂದೆ.

ಅವಳನ್ನು ಕಟ್ಟಬೇಡ.

ನನ್ನ ಎಡಗಾಲಿನ ಹರಡಿನ ಮೇಲೆ ಒಂದು ಗೆರೆ ಇದೆ. ಗೆಜ್ಜೆ ಹಾಕಿದರೆ ಆ ಗೆರೆಯ ಮೇಲೇ ಬಂದು ಕೂರುತ್ತದೆ. ಕಟ್ಟಡದ ಜಾಗದಲ್ಲಿ ಬೇರೆ ಮಕ್ಕಳು ಮರಳಿನ ಗುಡ್ಡೆ ಹತ್ತುತ್ತಿದ್ದರು, ನಾನು ಕಂಬದ ಸುತ್ತ ತಿರುಗುತ್ತಿದ್ದೆ. ಪಟ್ಟಿ ಎಲ್ಲ ಸುತ್ತಿ ಮುಗಿದ ಮೇಲೆ ಹಿಂದಕ್ಕೆ ತಿರುಗುತ್ತಿದ್ದೆ. ತಲೆಯ ಮೇಲೆ ಬುಟ್ಟಿ ಹೊತ್ತು ನೀನು ಮೇಲೆ ಹೋಗುವುದು ಕಾಣುತ್ತಿತ್ತು. ಕೂಗುತ್ತಿದ್ದೆ. ನೀನು ಒಂದು ದಿನವೂ ಕೆಳಗೆ ನೋಡಲಿಲ್ಲ.

ನನಗೆ ಕೂಗಲಿಕ್ಕಾದರೂ ಬರುತ್ತಿತ್ತು, ಅವ್ವಾ. ಅವಳಿಗೆ ಅದೂ ಇಲ್ಲ.

ಶಿವಗಂಗಾ


ಹೈದರಾಬಾದ್
೨ ಮಾರ್ಚ್ ೨೦೨೫

ಶಿವಗಂಗಾ,

ನಿನ್ನ ಗೆಜ್ಜೆಯ ಕಥೆ ಓದಿದೆ. ಗೆಜ್ಜೆ ಹಾಕಲು ಕಾಲು ಉಳಿದಿದೆಯಲ್ಲ, ಅಷ್ಟು ಸಾಕು. ಕಟ್ಟಬೇಡ ಎಂದು ಬರೆಯಲು ಒಂದು ಪೆನ್ನಿದ್ದರೆ ಆಯಿತು. ಮುಂಜಾನೆ ಏಳಕ್ಕೆ ಈ ಸೆಲ್ಲಾರಿನ ಇಳಿಜಾರಿನಲ್ಲಿ ಒಂದು ಗಳಿಗೆ ನಿಂತು ನೋಡು. ಕಾರು ಇಳಿಸುವವನಿಗೆ ಕಣ್ಣು ಕತ್ತಲೆಗೆ ಹೊಂದಿರುವುದಿಲ್ಲ, ಏರುವವನಿಗೆ ಕಿವಿಯಲ್ಲಿ ಫೋನು. ನಿನ್ನ ಮಗಳಿಗೋ ಹಾರ್ನ್ ಎಂದರೆ ಹಬ್ಬ.

ಇರಲಿ. ಟ್ರೈನಿಂಗಿನ ವಿಚಾರ ಕೇಳು.

ಮೊದಲು ನಾನು ನಗೆಗೀಡಾದದ್ದು. ಮೇಡಂ ನಾಲ್ಕು ಕಾರ್ಡು ಕೊಟ್ಟರು. ನೀರಿನ ಕೊಡ, ರೊಟ್ಟಿಯ ತಾಟು, ಬಚ್ಚಲು, ಗೇಟು. ನಮ್ಮ ಮನೆಯದೇ ಫೋಟೋ ತೆಗೆಸಿ ಪ್ಲಾಸ್ಟಿಕ್ ಹೊದಿಸಿದ್ದರು. ಮಗುವಿಗೆ ಏನು ಬೇಕೋ ಆ ಕಾರ್ಡು ತಂದು ನಮ್ಮ ಕೈಗೆ ಕೊಡಬೇಕು, ಅದೇ ಅದರ ಮಾತು. ಭಾಳ ಮುಖ್ಯ, ಕಳೆಯಬೇಡಿ, ಕೊಳೆ ಮಾಡಬೇಡಿ ಎಂದು ಹತ್ತು ಸಲ ಹೇಳಿದರು. ನಾನು ಮನೆಗೆ ತಂದು ತಿಂಥಣಿ ಮೌನೇಶ್ವರನ ಪಟದ ಪಕ್ಕ ಜಗಲಿಯ ಮೇಲಿಟ್ಟು, ವಿಭೂತಿ ಹಚ್ಚಿದೆ. ದಿನಾ ಸ್ನಾನವಾದ ಮೇಲೆ ಇಳಿಸಿ, ಅವಳಿಗೆ ತೋರಿಸಿ, ಮತ್ತೆ ಮೇಲಿಡುತ್ತಿದ್ದೆ. ವಾರ ಬಿಟ್ಟು ದಿನಕ್ಕೆ ಎಷ್ಟು ಸಲ ಬಳಸಿದಿರಿ ಎಂದು ಮೇಡಂ ಕೇಳಿದಾಗ, ಒಂದೇ ಸಲ, ಮಂಗಳಾರತಿ ಹೊತ್ತಿಗೆ ಎಂದೆ. ಹುಡುಗಿಯರು ಬಾಯಿಗೆ ದುಪಟ್ಟಾ ಹಿಡಿದರು. ಮೇಡಂ ನಗಲಿಲ್ಲ. "ಸಾಬಮ್ಮಾ, ಇವು ದೇವರಲ್ರೀ, ಚಪ್ಪಲಿ ಇದ್ಹಂಗ. ಕೈಗೆ ಸಿಗೋ ಹಂಗ ಕೆಳಗ ಬಿದ್ದಿರಬೇಕು" ಎಂದರು. ಈಗ ಕೆಳಗೇ ಬಿದ್ದಿವೆ. ಅವಳು ಒಂದನ್ನೂ ಮುಟ್ಟಿಲ್ಲ.

ಆಮೇಲೆ ಒಂದು ದಿನ ಜೋಡಿ ಜೋಡಿಯಾಗಿ ಕೂರಿಸಿದರು. ಸಂಪದಾ ಎಂಬ ಹುಡುಗಿ ಟೀಚರ್, ನಾನು ಮಾತು ಬಾರದ ಮಗು. ಹತ್ತು ನಿಮಿಷ ತುಟಿ ಬಿಚ್ಚಬಾರದು. ನನ್ನ ಮದುವೆಯಲ್ಲಿ ಅಕ್ಕಿಕಾಳು ಬೀಳುವಾಗಲೂ ನಾನು ಅಷ್ಟು ಹೊತ್ತು ಸುಮ್ಮನಿದ್ದವಳಲ್ಲ. ಮುಂದೆ ಎರಡು ಕಾರ್ಡು, ಬಿಸ್ಕೀಟು ಮತ್ತು ಚೆಂಡು. ನನಗೆ ಬೇಕಾದದ್ದು ನೀರು, ಅದರ ಕಾರ್ಡಿಲ್ಲ. ಗಂಟಲು ತೋರಿಸಿದೆ, ಹುಡುಗಿ ಬಿಸ್ಕೀಟು ಕೊಟ್ಟಳು. ನೀರಿನ ಕ್ಯಾನಿನ ಕಡೆ ನೋಡಿದೆ, ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು. ಎದ್ದೆ, ಭುಜ ಒತ್ತಿ ಕೂರಿಸಿದಳು. ಐದನೆಯ ನಿಮಿಷಕ್ಕೆ ಚೆಂಡು ತೆಗೆದು ಗೋಡೆಗೆ ಎಸೆದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಅಮ್ಮಮ್ಮ ಥೇಟ್ ಮಗುವಿನ ಹಾಗೆ ಮಾಡಿದಳು ಎಂದು. ನಾನೇನೂ ಮಾಡಿ ತೋರಿಸಿರಲಿಲ್ಲ.

ಇನ್ನೊಂದು ಪಾಠ. ಮಗುವಿಗೆ ಬೇಕಾದದ್ದನ್ನು ಸುಮ್ಮನೆ ಕೈಗೆ ಕೊಡಬಾರದಂತೆ. ಸುಲಭಕ್ಕೆ ಸಿಗದಂತೆ ಇಟ್ಟು ಕಾಯಬೇಕಂತೆ. ಆಗ ತಾನಾಗಿ ಹುಡುಕುತ್ತದೆ, ತಾನಾಗಿ ಬಂದು ಕೇಳುತ್ತದೆ. ನಾನು ಹೇಳಿದೆ, "ಮೇಡಂ, ರೊಟ್ಟಿ ಮುಚ್ಚಿಟ್ಟು ಬೇಡಿಸ್ಕೊಳ್ಳೋದನ್ನ ನಮ್ಮತ್ತಿ ಹತ್ತು ವರ್ಷ ಮಾಡ್ಯಾಳ. ಆಕಿಗೆ ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ."

ಈಗ ನಿಜವಾದ ಸುದ್ದಿಗೆ ಬರುತ್ತೇನೆ. ಮೊನ್ನೆ ಗೋಡೆಯ ಮೇಲೆ ಒಂದು ಚಿತ್ರ ಬಿಟ್ಟರು. ಕಿಟಕಿಯ ಸರಳಿಗೆ ಕಟ್ಟಿಹಾಕಿದ ಮಗು. ಹುಡುಗಿಯರೆಲ್ಲ ಲೊಚಗುಟ್ಟಿದರು. ಮೇಡಂ ತೆಲುಗಿನಲ್ಲಿ ಏನೇನೋ ಹೇಳಿ, ಆಮೇಲೆ ನನ್ನ ಪಕ್ಕ ಬಂದು ಕನ್ನಡದಲ್ಲಿ ಮೆಲ್ಲಗೆ ಹೇಳಿದರು: "ಯಾರ ಮನ್ಯಾಗ ಹಿಂಗ ಕಟ್ತಾರಂತ ಗೊತ್ತಾಗ್ತದೋ ಅವರ ಟ್ರೈನಿಂಗ್ ಅಲ್ಲಿಗೇ ನಿಲ್ತದ್ರಿ. ಮಗುವಿನ ಸೀಟೂ ಹೋಗ್ತದ. ಜೂನಿನಾಗ ಎಲ್ಲರ ಮನಿಗೂ ಬಂದು ನೋಡ್ತೀನಿ." ಹೌದ್ರಿ ಎಂದೆ.

ಆ ಚಿತ್ರದಲ್ಲಿ ಕಟ್ಟಿದ್ದು ಸರಿ ಇರಲಿಲ್ಲ, ಶಿವಗಂಗಾ. ಗಂಟನ್ನು ಕಾಲಿನ ಕಡೆ ಬಿಗಿದಿದ್ದರು. ಗಂಟು ಯಾವತ್ತೂ ಮಂಚದ ಕಡೆ ಇರಬೇಕು. ಕಾಲಿನ ಕಡೆ ಅಗಲ ಪಟ್ಟಿ, ಎರಡು ಬೆರಳು ಹೋಗುವಷ್ಟು ಸಡಿಲ. ಇದನ್ನು ಅಲ್ಲಿ ಯಾರಿಗೆ ಹೇಳುವುದು?

ಸಾಬಮ್ಮ


ಸುರಪುರ ತಾಲೂಕು
೬ ಏಪ್ರಿಲ್ ೨೦೨೫

ಅವ್ವಾ,

ಒಂದು ತಿಂಗಳು ಬರೆಯಲಾಗಲಿಲ್ಲ. ಸಿಟ್ಟಿನಿಂದ ಅಲ್ಲ.

ಯುಗಾದಿಗೆ ನಾದಿನಿಯ ಮಕ್ಕಳು ಬಂದಿದ್ದರು. ಅಂಗಳದಲ್ಲಿ ನಿಂತು ಇಂಗ್ಲಿಷ್ ಹಾಡು ಹೇಳಿದವು. ಅತ್ತೆ ಎಲ್ಲರ ಮುಂದೆ, "ನಮ್ಮ ಶಿವಗಂಗಾನ ಮಗಳಿಗೆ ಇನ್ನೂ ಭಾಳ ಬರ್ತಾವು, ಹೈದ್ರಾಬಾದಿನ ಸಾಲಿ ಅದು" ಎಂದರು. ವ್ಯಂಗ್ಯಕ್ಕಲ್ಲ, ಹೆಮ್ಮೆಯಿಂದಲೇ ಹೇಳಿದರು. ನಾನು ಒಳಗೆ ಹೋಗಿ ಹೋಳಿಗೆಯ ಹೂರಣ ರುಬ್ಬಿದೆ. ಒಮ್ಮೆ ರುಬ್ಬಿದ್ದನ್ನೇ ಮತ್ತೊಮ್ಮೆ ರುಬ್ಬಿದೆ.

ಆ ಸೀಟು ಹೋಗಬಾರದು. ಹೋದರೆ ಅವಳನ್ನು ಎಲ್ಲಿ ಇಡುತ್ತಿ? ನಾನು ಎಲ್ಲಿಗೆ ಕರೆತರಲಿ?

ಕಟ್ಟಬೇಡ ಎಂದು ಬರೆದವಳು ನಾನೇ. ಈಗ ಹೇಳುತ್ತಿದ್ದೇನೆ, ಮೇಡಂ ಬರುವ ದಿನ ಆ ಪಟ್ಟಿಯನ್ನು ಎಲ್ಲಾದರೂ ಅಡಗಿಸಿಡು. ಮಂಚದ ಕಾಲಿನ ಗಂಟನ್ನೂ ಬಿಚ್ಚು.

ಯಾವ ಸೀರೆ ಎಂದು ಬರೆದಿದ್ದೆಯಲ್ಲ. ಬೇರೆ ಯಾವುದೂ ಇರಲಿಲ್ಲವೇ?

ಶಿವಗಂಗಾ


ಹೈದರಾಬಾದ್
೧೧ ಮೇ ೨೦೨೫

ಶಿವಗಂಗಾ,

ಬೇರೆ ಸೀರೆ ಇದ್ದವು. ಮೊದಲು ನನ್ನದೊಂದು ಹರಿದು ಕಟ್ಟಿದ್ದೆ, ಅವಳು ಹಲ್ಲಿನಿಂದ ಕಡಿದು ಹಾಕಿದಳು. ನಿನ್ನದನ್ನು ಕಡಿಯಲಿಲ್ಲ. ಅಷ್ಟೇ ವಿಷಯ, ಇದರ ಮೇಲೆ ಕೂತು ಅಳಬೇಡ.

ಕೇಂದ್ರಕ್ಕೆ ರಜೆ. ಜೂನ್ ಎರಡನೆಯ ವಾರದ ತನಕ ಇಡೀ ದಿನ ನಾನು, ಅವಳು, ಈ ಕೋಣೆ. ಮೇಲಿನ ಮಹಡಿಯ ಎಸಿಗಳೆಲ್ಲ ತಮ್ಮ ಬಿಸಿಯನ್ನು ಕೆಳಗೇ ಉಗುಳುತ್ತವೆ ಎಂದು ನನಗೆ ಅನ್ನಿಸುತ್ತದೆ. ಲೈಟು ಹೋದರೆ ಜನರೇಟರ್ ನಮ್ಮ ಗೋಡೆಗೆ ಅಂಟಿಕೊಂಡೇ ಗುಡುಗುತ್ತದೆ, ಅವಳು ಕಿವಿ ಮುಚ್ಚಿ ಮಂಚದ ಕೆಳಗೆ ಸೇರುತ್ತಾಳೆ. ನಾನು ಬಾಗಿಲಲ್ಲಿ ಅಡ್ಡ ಕೂರುತ್ತೇನೆ. ಅವಳು ಹೊರಗೆ ಹೋಗುವ ಹಾಗಿಲ್ಲ, ಅವಳನ್ನು ಬಿಟ್ಟು ನಾನು ಹೋಗುವ ಹಾಗಿಲ್ಲ. ನಿಮ್ಮಪ್ಪ ಗೇಟು ಬಿಡುವ ಹಾಗಿಲ್ಲ. ಎದುರಿಗಿನ ಕಂಬದ ಮೇಲೆ ಬರೆದ ಸಂಖ್ಯೆ ದಿನಾ ಓದುತ್ತೇನೆ, ೩೦೨. ಓದು ಬಂದದ್ದು ಉಪಯೋಗವಾಯಿತು.

ನೀನು ಒಂದು ಮಾತು ಬರೆದಿದ್ದೆ, ನಾನು ಒಂದು ದಿನವೂ ಕೆಳಗೆ ನೋಡಲಿಲ್ಲ ಎಂದು. ಅದು ನನ್ನ ತಲೆಯಲ್ಲಿ ಮೂರು ತಿಂಗಳಿಂದ ಕೂತಿದೆ. ಉತ್ತರ ಬರೆಯಬಾರದು ಎಂದಿದ್ದೆ. ಆದರೆ ರಜೆಯಲ್ಲಿ ಹೊತ್ತು ಹೋಗುವುದಿಲ್ಲ.

ನಿನಗಿಂತ ಮೊದಲು ಒಬ್ಬ ಇದ್ದ. ಮಲ್ಲು. ನಾವು ಈ ಊರಿಗೆ ಬಂದಾಗ ಎರಡೂವರೆ ವರ್ಷದವನು. ನಾನು ಮೂರನೆಯ ಸ್ಲ್ಯಾಬಿನ ಮೇಲೆ ಬುಟ್ಟಿ ಹೊರುತ್ತಿದ್ದೆ. ಅವನನ್ನು ಅಲ್ಲೇ ಗೋಡೆಯ ನೆರಳಿನಲ್ಲಿ ಕೂರಿಸಿ, ಕೈಗೆ ರೊಟ್ಟಿ ಕೊಟ್ಟಿದ್ದೆ. ಮಗುವನ್ನು ಕೆಳಗೆ ಕಂಬಕ್ಕೆ ಕಟ್ಟಿ ಬಾ ಎಂದು ಬೇರೆ ಹೆಂಗಸರು ಹೇಳಿದ್ದರು. ದನವೇನು, ಕಟ್ಟಲಿಕ್ಕೆ ಎಂದು ಅವರ ಬಾಯಿ ಮುಚ್ಚಿಸಿದ್ದೆ. ನನ್ನ ನಾಲಿಗೆ ಆಗಲೂ ಹೀಗೇ ಇತ್ತು.

ಅವತ್ತು ನಾನು ಕೆಳಗೆ ನೋಡಿದೆ. ಅದಾದ ಮೇಲೆ ಯಾವತ್ತೂ ನೋಡಲಿಲ್ಲ.

ನೀನು ಕೂಗುವುದು ಕೇಳುತ್ತಿತ್ತು. ಕೂಗು ಕೇಳುವಷ್ಟು ಹೊತ್ತು ನೀನಿದ್ದಿ ಎಂದು ಅರ್ಥ. ಅದನ್ನು ಕೇಳಿಕೊಂಡೇ ಐದು ವರ್ಷ ಬುಟ್ಟಿ ಹೊತ್ತೆ. ಈಗ ಮೆಟ್ಟಿಲು ಒರೆಸುವಾಗ ಕೆಳಗಿನಿಂದ ಏನೂ ಕೇಳುವುದಿಲ್ಲ. ಅದಕ್ಕೇ ನಿಮ್ಮಪ್ಪನ ಮಾತು ಕೇಳದೆ ಗಂಟಿನ ಮೇಲೆ ಇನ್ನೊಂದು ಗಂಟು ಹಾಕುತ್ತೇನೆ.

ಇದನ್ನು ಯಾರಿಗೂ ಹೇಳಬೇಡ. ನಿಮ್ಮಪ್ಪನ ಹತ್ತಿರ ಆ ಹೆಸರನ್ನಂತೂ ಎತ್ತಲೇಬೇಡ.

ಪಟ್ಟಿ ಅಡಗಿಸುತ್ತೇನೆ. ಅಕ್ಕಿಯ ಡಬ್ಬಿ ದೊಡ್ಡದಿದೆ.

ಅವ್ವ


ಹೈದರಾಬಾದ್
೨೨ ಜೂನ್ ೨೦೨೫

ಶಿವಗಂಗಾ,

ಮೇಡಂ ಬಂದು ಹೋಗಿ ನಾಲ್ಕು ದಿನವಾಯಿತು. ಇವತ್ತು ಬರೆಯಲು ಕೂತಿದ್ದೇನೆ.

ಬುಧವಾರ ಹತ್ತು ಗಂಟೆಗೆ ಬಂದರು. ನಾನು ಮೆಟ್ಟಿಲು ಬೇಗ ಮುಗಿಸಿ, ಪಟ್ಟಿ ಬಿಚ್ಚಿ, ಮಡಚಿ, ಅಕ್ಕಿಯ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿದಿದ್ದೆ. ಮಂಚದ ಕಾಲಿನ ಗಂಟು ಬಿಚ್ಚಿದರೆ ಅಲ್ಲಿ ಬಣ್ಣ ಹೋಗಿ ಕಬ್ಬಿಣ ಮಿಂಚುತ್ತಿತ್ತು, ಅದಕ್ಕೆ ಕೊಡ ಅಡ್ಡ ಇಟ್ಟೆ. ಕಾವ್ಯಾಳಿಗೆ ಎಣ್ಣೆ ಹಚ್ಚಿ ಜಡೆ ಹಾಕಿ, ಕಾಲಿಗೆ ಸಾಕ್ಸ್ ಹಾಕಿದೆ. ಮೇಡಂ ನೆಲದ ಮೇಲೇ ಕೂತರು. ಫಾರ್ಮು ತೆಗೆದು ನೀರು ಎಲ್ಲಿಂದ, ಗಾಳಿ ಹೇಗೆ ಎಂದು ಕೇಳಿ ಬರೆದುಕೊಂಡರು. ಕೊನೆಗೆ, ಮಗುವನ್ನು ಯಾವಾಗಲಾದರೂ ಕಟ್ಟುತ್ತೀರಾ ಎಂದು ಒಂದು ಸಾಲು. ಹೌದು ಎಂದು ಒಂದು ಚೌಕ, ಇಲ್ಲ ಎಂದು ಒಂದು ಚೌಕ. ಅವರು ಕೇಳಿದರು, ನಾನು ಇಲ್ರಿ ಎಂದೆ. ಪೆನ್ನಿನ ಮೊನೆಯನ್ನು ಇಲ್ಲ ಎಂಬ ಚೌಕದ ಮೇಲೆ ಇಟ್ಟದ್ದನ್ನು ಕಣ್ಣಾರೆ ಕಂಡೆ.

ಅಷ್ಟರಲ್ಲಿ ನಾನು ಎದ್ದೆ. ಚಹಾಕ್ಕೆ ನೀರು ಬೇಕಿತ್ತು, ನಳ ಇಳಿಜಾರಿನ ಆಚೆ ಇದೆ. ತಂಬಿಗೆ ಹಿಡಿದು ಬಾಗಿಲ ಕಡೆ ನಡೆದೆ.

ನಿನ್ನ ಮಗಳು ಮಂಚದ ಕೆಳಗಿನಿಂದ ಹೊರಗೆ ಬಂದಳು. ದಿನಾ ಕಟ್ಟಿದ ಜಾಗ ನೋಡಿದಳು, ಏನೂ ಇಲ್ಲ. ಹಾಸಿಗೆ ಎತ್ತಿದಳು, ಇಲ್ಲ. ಜಗಲಿ ನೋಡಿದಳು. ಆಮೇಲೆ ಅಕ್ಕಿಯ ಡಬ್ಬಿಯ ಹತ್ತಿರ ಹೋಗಿ ಮುಚ್ಚಳ ತೆಗೆಯಲಾಗದೆ ಡಬ್ಬಿಯನ್ನೇ ಉರುಳಿಸಿದಳು. ಮುಚ್ಚಳ ಹಾರಿ ಅಕ್ಕಿ ಎಲ್ಲ ನೆಲಕ್ಕೆ. ಅದರೊಳಗಿನಿಂದ ಹಸಿರು ಪಟ್ಟಿ ಎಳೆದು, ಎಳೆದುಕೊಂಡೇ ನನ್ನ ತನಕ ಬಂದು, ನನ್ನ ಕೈಗೆ ಇಟ್ಟಳು. ಇಟ್ಟು ಮಂಚದ ಕಾಲಿನ ಪಕ್ಕ ಕೂತು, ಸಾಕ್ಸ್ ಕಿತ್ತು ಎಸೆದು, ಎಡಗಾಲು ಚಾಚಿದಳು. ಚಾಚಿ ನನ್ನ ಮುಖ ನೋಡಿದಳು.

ನನ್ನ ಮುಖ, ಶಿವಗಂಗಾ. ಹುಟ್ಟಿ ಐದು ವರ್ಷದಲ್ಲಿ ಆ ಹುಡುಗಿ ನೇರವಾಗಿ ನನ್ನ ಮುಖ ನೋಡಿದ್ದಿಲ್ಲ. ಐದು ತಿಂಗಳು ಆ ನಾಲ್ಕು ಕಾರ್ಡು ಹಿಡಿದು ನಾನೂ ಒಂಬತ್ತು ಹುಡುಗಿಯರೂ ಅವಳ ಮುಂದೆ ಕುಣಿದಿದ್ದೇವೆ. ಒಂದು ದಿನವೂ ಒಂದು ವಸ್ತುವನ್ನೂ ತಂದು ಕೈಗೆ ಕೊಟ್ಟವಳಲ್ಲ. ನೀನು ಅಡಗಿಸಿಡು ಎಂದೆ, ನಾನು ಅಡಗಿಸಿದೆ, ಅದಕ್ಕೇ ಅವಳು ಹುಡುಕಿದಳು. ನಾನು ನಗೆಯಾಡಿದ ಪಾಠವನ್ನೇ ನನಗೆ ಗೊತ್ತಿಲ್ಲದೆ ಕಲಿಸಿದ್ದೆ.

ಮೇಡಂ ಪೆನ್ನು ಕೆಳಗಿಟ್ಟರು. ಹೊರಗೆ ಯಾರೋ ಕಾರಿನ ಬಾಗಿಲು ಹಾಕಿದರು. ಕಾಲು ಇನ್ನೂ ಚಾಚಿಯೇ ಇತ್ತು.

"ಎಷ್ಟು ದಿನದಿಂದ್ರಿ?"

"ನೀವು ಸೇರಿಸ್ಕೊಳ್ಳೋಕಿಂತ ಮೊದಲಿಂದ."

"ನಾನಿದನ್ನ ಬರೀಲಿಕ್ಕೇ ಬೇಕು, ಸಾಬಮ್ಮಾ."

"ಬರೀರಿ. ಕಟ್ಟಿದ್ದೂ ಬರೀರಿ, ಆಕಿ ಕೇಳಿದ್ದೂ ಬರೀರಿ. ಒಂದು ಬರದು ಒಂದು ಬಿಡಬ್ಯಾಡ್ರಿ."

ಅವರು ಫಾರ್ಮಿನಲ್ಲಿ ಹೌದು ಎಂಬ ಚೌಕಕ್ಕೆ ಗುರುತು ಹಾಕಿ, ತಿರುಗಿಸಿ, ಹಿಂದಿನ ಖಾಲಿ ಪುಟದ ಮೇಲೆ ಏನೋ ಉದ್ದಕ್ಕೆ ಬರೆದರು. ಆಮೇಲೆ ನನ್ನ ಜೊತೆ ಕೂತು ಅಕ್ಕಿ ಆರಿಸಿದರು. ಚಹಾ ಆಗಲಿಲ್ಲ. ತೀರ್ಮಾನ ಅವರದಲ್ಲ, ಕಮಿಟಿಯದು. ಮುಂದಿನ ತಿಂಗಳು ಕೂರುತ್ತಾರಂತೆ.

ಅವಳಿಗೆ ಬೇಕಾದದ್ದು ಗಂಟು ಎಂದು ನೀನು ತಿಳಿಯಬೇಡ. ನಾನು ಹೊರಗೆ ಹೋಗುತ್ತೇನೆ ಎಂಬುದು ಅವಳಿಗೆ ಗೊತ್ತಾಗಿದೆ, ಕಟ್ಟಿ ಹೋದವಳು ಬಿಚ್ಚಲು ಬಂದೇ ಬರುತ್ತಾಳೆ ಎಂಬುದೂ ಗೊತ್ತಾಗಿದೆ ಎಂದು ಮೇಡಂ ಹೇಳಿದರು. ನನಗೆ ಅಷ್ಟು ತಿಳಿಯುವುದಿಲ್ಲ. ನಾನು ಕಲಿಸಿದ ಮೊದಲ ಮಾತು ಇದಾಯಿತಲ್ಲ.

ನಿನ್ನ ಅವ್ವ


ಸುರಪುರ ತಾಲೂಕು
೬ ಜುಲೈ ೨೦೨೫

ಅವ್ವಾ,

ಗಂಡ ಗುರುಶಾಂತ ಅವರಿಗೆ ಎಲ್ಲ ಹೇಳಿದೆ. ಅವಳಿಗೆ ಮಾತಿಲ್ಲ ಎಂಬುದು, ಸಾಲಿ ಎಂಥದು ಎಂಬುದು, ಪಟ್ಟಿ, ಅಕ್ಕಿ, ಎಲ್ಲ. ಅವರು ಎದ್ದು ಹೋಗಿ ಎತ್ತಿಗೆ ಮೇವು ಹಾಕಿ ಬಂದರು. ಬಂದು, "ಅಕ್ಕಿ ಎಲ್ಲಾ ಚೆಲ್ಲಿತೇನು?" ಎಂದು ಕೇಳಿದರು. ಹೂಂ ಎಂದೆ. ಮತ್ತೆ ಹೊರಗೆ ಹೋದರು.

ಅತ್ತೆಗೆ ಇನ್ನೂ ಹೇಳಿಲ್ಲ. ಪಂಚಮಿಗೆ ತವರಿಗೆ ಕಳಿಸಿ ಎಂದು ಕೇಳಿದ್ದೇನೆ. ಕಾರು ನಿಲ್ಲಿಸುವಲ್ಲಿ ಎಂಥ ತವರು ಎಂದರು.

ಮಲ್ಲು ನನ್ನ ಹಾಗಿದ್ದನೇ, ಅಪ್ಪನ ಹಾಗೇ?

ಶಿವಗಂಗಾ


ಹೈದರಾಬಾದ್
೧೯ ಜುಲೈ ೨೦೨೫

ಶಿವಗಂಗಾ,

ನಿನ್ನ ಹಾಗಿದ್ದ. ಕೂಗುವುದೊಂದು ಬಿಟ್ಟು.

ಕಮಿಟಿ ಕೂತಿತು. ನನಗೆ ಸರ್ಟಿಫಿಕೇಟು ಇಲ್ಲ. ಮೊದಲಿನಿಂದ ಇನ್ನೊಂದು ಆರು ತಿಂಗಳು ಕೂರಬೇಕು. ಸಂಪದಾ ಮೊದಲಾದವರೆಲ್ಲ ಪಾಸಾಗಿ ಕೆಲಸಕ್ಕೆ ಸೇರಿದರು, ನಾನು ಹೊಸ ಹುಡುಗಿಯರ ಜೊತೆ ಮತ್ತೆ ಅಮ್ಮಮ್ಮ. ಮೇಡಂ ಹಿಂದಿನ ಪುಟದಲ್ಲಿ ಬರೆದದ್ದನ್ನು ಅಲ್ಲಿ ಓದಿದರಂತೆ. ಅದಕ್ಕೆ ಕಾವ್ಯಾಳ ಸೀಟು ಸದ್ಯಕ್ಕೆ ಉಳಿದಿದೆ. ಇನ್ನು ಒಂದು ಸಲ ಕಟ್ಟಿದ್ದು ಗೊತ್ತಾದರೂ ಹೋಗುತ್ತದೆ.

ಕಟ್ಟದೆ ಏನು ಮಾಡಬೇಕು ಎಂದು ಕೇಳಿದೆ. ಬಾಗಿಲಿಗೆ ಸೊಂಟದೆತ್ತರದ ಒಂದು ಅರ್ಧ ಬಾಗಿಲು ಹಾಕಿಸಿ, ಬೆಳಕೂ ಬರುತ್ತದೆ, ಮಗುವೂ ದಾಟುವುದಿಲ್ಲ ಎಂದರು. ಮಗಳಿಗೂ ಮೊಮ್ಮಗಳಿಗೂ ಗಂಟು ಹಾಕಿದ ಕೈಗೆ ಇದು ಹೊಳೆದಿರಲಿಲ್ಲ. ನಿಮ್ಮಪ್ಪ ಹಳೆಯ ಸೆಂಟ್ರಿಂಗ್ ಹಲಗೆ ತಂದು ಎರಡು ದಿನದಲ್ಲಿ ಬಾಗಿಲು ಮಾಡಿದ. ಅಸೋಸಿಯೇಷನ್ ಸೆಕ್ರೆಟರಿ ಪದ್ಮನಾಭ ಬಂದು ನೋಡಿ, ಸೆಲ್ಲಾರಿನ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, "ಕುದರದು", ಆಗುವುದಿಲ್ಲ ಎಂದು ತೆಲುಗಿನ ಒಂದೇ ಮಾತಿನಲ್ಲಿ ಮುಗಿಸಿದರು. ಮೇಡಂ ಪತ್ರ ಕೊಟ್ಟಿದ್ದಾರೆ. ಮುಂದಿನ ಮೀಟಿಂಗಿನಲ್ಲಿ ನೋಡುತ್ತಾರಂತೆ, ಅದು ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಬಾಗಿಲು ಜನರೇಟರಿನ ಹಿಂದೆ ಒರಗಿಕೊಂಡು ನಿಂತಿದೆ.

ಹಾಗಾಗಿ ಅವಳನ್ನು ಮೆಟ್ಟಿಲಿಗೆ ನನ್ನ ಜೊತೆಗೇ ಒಯ್ಯಲು ನೋಡಿದೆ. ಕೈ ಹಿಡಿದರೆ ಬೆಂಕಿ ಮುಟ್ಟಿದ ಹಾಗೆ ಕಿತ್ತುಕೊಳ್ಳುತ್ತಾಳೆ, ಎತ್ತಿಕೊಂಡರೆ ಕಚ್ಚುತ್ತಾಳೆ. ಎರಡು ದಿನ ಕಚ್ಚಿಸಿಕೊಂಡೆ. ಮೂರನೆಯ ದಿನ ನಾನು ಬಕೆಟ್ಟು ಎತ್ತಿದೊಡನೆ ಅವಳು ಪಟ್ಟಿ ತಂದು ಮಂಚದ ಕಾಲಿನ ಹತ್ತಿರ ಕೂತು ಕಾಲು ಚಾಚಿದಳು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಟ್ರೈನಿಂಗಿನಲ್ಲಿ ಹೇಳಿದ್ದು ಅದೇ, ಕಾಯಬೇಕು, ಬಾಯಿ ಹಾಕಬಾರದು. ಅವಳು ಕಾದಳು. ನಾನೂ ಕಾದೆ. ಏಳೂವರೆ ಆಯಿತು, ಮೇಲೆ ಮೆಟ್ಟಿಲು ಒಣಗಿಯೇ ಇತ್ತು, ಎರಡನೆಯ ಮಹಡಿಯವರು ಗೇಟಿಗೆ ಫೋನು ಮಾಡಿ ನಿಮ್ಮಪ್ಪನಿಗೆ ಬೈದದ್ದೂ ಆಯಿತು.

ಆಗ ಅವಳು ಎದ್ದಳು. ಒಂದು ತುದಿ ತನ್ನ ಮುಷ್ಟಿಯಲ್ಲಿ ಹಿಡಿದು, ನನ್ನ ಬೆನ್ನ ಹಿಂದೆ ಬಂದು, ಇನ್ನೊಂದು ತುದಿಯನ್ನು ನನ್ನ ಬೆರಳೊಳಗೆ ತುರುಕಿದಳು. ನಡುವೆ ನಾಲ್ಕು ಮೊಳ ಸೀರೆ. ನಾನು ಹೆಜ್ಜೆ ಇಟ್ಟರೆ ಅವಳೂ ಇಟ್ಟಳು. ಇಳಿಜಾರಿನ ಬುಡದಲ್ಲಿ ಕಾರು ಬಂತು, ನಾನು ನಿಂತೆ, ಪಟ್ಟಿ ಸಡಿಲಾಯಿತು, ಅವಳೂ ನಿಂತಳು.

ಈಗ ದಿನಾ ಹಾಗೇ. ಒಂದು ಕೈಯಲ್ಲಿ ಬಕೆಟ್ಟು, ಒಂದು ಕೈಯಲ್ಲಿ ನಿನ್ನ ಮಗಳು. ಮೂರು ತಾಸಿನ ಕೆಲಸಕ್ಕೆ ಐದು ತಾಸು. ಸೆಕ್ರೆಟರಿ ಬೇರೆ ಹೆಂಗಸನ್ನು ನೋಡುತ್ತೇನೆ ಎಂದಿದ್ದಾರೆ. ಬಚ್ಚಲಿಗೆ ಹೋದರೂ ಬಾಗಿಲ ಸಂದಿಯಲ್ಲಿ ತುದಿ ಬಿಟ್ಟುಕೊಂಡೇ ಹೋಗುತ್ತೇನೆ. ಇದೂ ಕಟ್ಟಿದ ಲೆಕ್ಕವೇ ಎಂದು ಮೇಡಂಗೆ ನಾನೇ ಕೇಳಿದೆ. "ಆಕಿ ಬಿಟ್ರ ನೀವೂ ಬಿಡ್ತೀರೇನು?" ಎಂದರು. "ಆಕಿ ಬಿಡವಲ್ಲಳ್ರಿ" ಎಂದೆ. ಅದನ್ನೂ ಬರೆದುಕೊಂಡರು.

ಪಂಚಮಿಗೆ ಕಳಿಸಿದರೆ ಬಾ. ಜೋಕಾಲಿ ಕಟ್ಟಲು ಇಲ್ಲಿ ಮರವಿಲ್ಲ, ಕಂಬಕ್ಕೆ ಕಟ್ಟಿದರೆ ಪದ್ಮನಾಭ ಬರುತ್ತಾರೆ. ಉಂಡಿ ಮಾಡಿರುತ್ತೇನೆ. ಬಂದವಳು ಓಡಿಹೋಗಿ ಅವಳನ್ನು ಅಪ್ಪಿಕೊಳ್ಳಬೇಡ. ಹೆಸರು ಹಿಡಿದು ಕರೆಯಬೇಡ, ಅಳಬೇಡ. ಮಂಚದ ಹತ್ತಿರ ನೆಲದ ಮೇಲೆ ಕೂತು ಅಂಗೈ ತೆರೆದು ಇಟ್ಟುಕೋ, ಬೇರೆ ಕಡೆ ನೋಡುತ್ತಿರು. ಮೊದಲ ದಿನ ಏನೂ ಆಗದಿರಬಹುದು. ಎರಡನೆಯ ದಿನವೂ ಆಗದಿರಬಹುದು, ನೀನು ಹಾಗೇ ಬಸ್ಸು ಹತ್ತಬೇಕಾಗಬಹುದು.

ಕೊಟ್ಟರೆ ಮಾತ್ರ ಹಿಡಿ. ನಿನ್ನದೇ ಸೀರೆ, ಕೈಗೆ ಗುರುತು ಸಿಗುತ್ತದೆ. ಎಳೆಯಬೇಡ. ಗಂಟು ಹಾಕಬೇಡ.

ಕಾಯುವ ನಿನ್ನ ಅವ್ವ,
ಸಾಬಮ್ಮ